ಪುಟ್ಟಸ್ವಾಮಯ್ಯನವರ ಒಂದನೇ ದರ್ಜೆಯ ನದಿ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ನದಿಗಳ ಹೆಸರನ್ನು ನಮ್ಮ ಕಡೆಯ ಮಕ್ಕಳು ಮಗ್ಗಿಯ ಜೊತೆಗೇ ಕಲಿಯುತ್ತಾರೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಅರ್ಕಾವತಿ, ಪಾಲಾರ್. ಒಂದೇ ಉಸಿರಿಗೆ ಹೇಳಿ ಮುಗಿಸಿದರೆ ಮೇಷ್ಟ್ರು "ಕೂತ್ಕೋ" ಅನ್ನುತ್ತಾರೆ. ಆಮೇಲೆ ಜೀವಮಾನವಿಡೀ ಆ ನದಿಗಳ ಜೊತೆ ನಮಗೆ ಬೇರೆ ವ್ಯವಹಾರವಿಲ್ಲ. ಅವೂ ನಮ್ಮ ಮನೆಯ ಹೆಣ್ಣುಮಕ್ಕಳ ಹಾಗೆ. ಹುಟ್ಟುವುದು ಇಲ್ಲಿ, ಬಾಳುವುದು ಇನ್ನೆಲ್ಲೋ. ಹೆಣ್ಣುಮಕ್ಕಳಾದರೂ ಗೌರಿಹಬ್ಬಕ್ಕೆ ತವರಿಗೆ ಬಂದು ಹೋಗುತ್ತಾರೆ. ಇವಕ್ಕೆ ಅದೂ ಇಲ್ಲ. ಭಗವಂತನ ಸಂಕಲ್ಪ ಹಾಗಿದ್ದರೆ ಕೇಳುವುದಕ್ಕೆ ನಾವ್ಯಾರು? ಪುಟ್ಟಸ್ವಾಮಯ್ಯನವರೂ ಕೇಳಿದವರಲ್ಲ, ಆ ಸುತ್ತೋಲೆ ಬರುವವರೆಗೆ.

ಪುಟ್ಟಸ್ವಾಮಯ್ಯನವರು ಚಿಕ್ಕಬಳ್ಳಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು. ಯಾವ ಕಚೇರಿ ಎಂಬುದು ಬೇಡ. ಪುಣ್ಯಾತ್ಮರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ. ನಿವೃತ್ತಿಗೆ ಇನ್ನು ಎರಡು ತಿಂಗಳಿತ್ತು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಅವರ ಸೇವಾ ಪುಸ್ತಕದಲ್ಲಿ ಒಂದು ನೋಟಿಸಿಲ್ಲ, ಒಂದು ಎಚ್ಚರಿಕೆಯಿಲ್ಲ, ಕೆಂಪು ಶಾಯಿಯ ಒಂದು ಚುಕ್ಕೆಯಿಲ್ಲ. ಆ ಪುಸ್ತಕವನ್ನು ಹೀಗೇ ಬೆಳ್ಳಗೆ ಇಟ್ಟುಕೊಂಡು ಮನೆಗೆ ಹೋಗಬೇಕೆಂಬುದೊಂದೇ ಅವರಿಗೆ ಉಳಿದಿದ್ದ ಆಸೆ. ದೇವರ ಮುಂದೆ ಕೈಮುಗಿದಾಗಲೂ ಮಕ್ಕಳ ಆರೋಗ್ಯದ ನಂತರ ಅವರು ಕೇಳುತ್ತಿದ್ದುದು ಅದನ್ನೇ.

ಸುತ್ತೋಲೆ ಸಾಹಸ ಕ್ರೀಡೆಯ ಒಂದು ಸಂಸ್ಥೆಯಿಂದ ಬಂದಿತ್ತು. "ಹೊಸಬರು ಕಯಾಕ್ ದೋಣಿ ನಡೆಸುವುದನ್ನು ಕಲಿಯಲು ತಕ್ಕುದಾದ, ರಭಸವಾಗಿ ಹರಿಯುವ ನದಿಗಳು ನಿಮ್ಮ ಜಿಲ್ಲೆಯಲ್ಲಿದ್ದರೆ ವಿವರ ಕಳುಹಿಸಿ." ಕೆಳಗೆ ನಾಲ್ಕು ಕಾಲಮ್ಮು: ನದಿಯ ಹೆಸರು, ಹರಿವಿನ ವೇಗ, ಗ್ರೇಡ್ ಒಂದರಿಂದ ಆರು, ಷರಾ.

ಇಂಥದ್ದಕ್ಕೆ 'ಇಲ್ಲ' ಎಂದು ಒಂದು ಪದ ಬರೆದು ಕಳಿಸಬಹುದಿತ್ತು. ಅದಕ್ಕೆ ನಿಲ್ ರಿಪೋರ್ಟ್ ಎನ್ನುತ್ತಾರೆ. ಆದರೆ ನಿಲ್ ರಿಪೋರ್ಟ್ ಕಳಿಸುವುದೆಂದರೆ ಪುಟ್ಟಸ್ವಾಮಯ್ಯನವರಿಗೆ ಮನೆಗೆ ಬಂದ ಅತಿಥಿಗೆ ಬರಿಗೈ ತೋರಿಸಿದಂತೆ. ಮೂವತ್ತನಾಲ್ಕು ವರ್ಷದಲ್ಲಿ ಒಂದನ್ನೂ ಕಳಿಸಿರಲಿಲ್ಲ. ಒಮ್ಮೆ ಜಿಲ್ಲೆಯಲ್ಲಿರುವ ಆನೆಗಳ ವಿವರ ಕೇಳಿದ್ದಾಗ ಕೂಡ, ದೇವಸ್ಥಾನಗಳ ಕಲ್ಲಾನೆ ಎಣಿಸಿ ಕಳಿಸಿದ್ದ ಧೀರರು ಅವರು.

ಹೆಸರುಗಳು ಮಗ್ಗಿಯಂತೆ ನಾಲಿಗೆ ಮೇಲಿದ್ದವು. ವೇಗದ ಕಾಲಮ್ಮಿನಲ್ಲಿ 'ಅತಿ ರಭಸ' ಎಂದರು. ಗ್ರೇಡ್ ಬಂದಾಗ ಮಾತ್ರ ಕೊಂಚ ಯೋಚಿಸಿದರು. ದ್ವಿತೀಯ ದರ್ಜೆಯಲ್ಲಿ ಹತ್ತೊಂಬತ್ತು ವರ್ಷ ಸವೆದು ಪ್ರಥಮ ದರ್ಜೆಗೆ ಏರಿದವರು. ಒಂದು ದೊಡ್ಡದೋ ಆರು ದೊಡ್ಡದೋ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಾಪವನ್ನೇ ಕಳೆಯುವ ಪಾಪಘ್ನಿಗೆ ಒಂದು ಕೊಟ್ಟರು. ಮಿಕ್ಕವಕ್ಕೆ ಎರಡು. ಷರಾದಲ್ಲಿ 'ಸ್ನಾನದಿಂದ ಪಾಪ ಪರಿಹಾರ' ಎಂದು ಬರೆದು, ಕತ್ತು ನೆಟ್ಟಗೆ ಮಾಡಿ ಸಹಿ ಹಾಕಿದರು. ಸಹಿ ಹಾಕುವಾಗ ಕತ್ತು ನೆಟ್ಟಗೆ ಮಾಡುವುದು ಅವರ ಅಭ್ಯಾಸ.

ಮಧ್ಯಾಹ್ನ ಊಟಕ್ಕೆ ಹೋದಾಗ ಹೆಂಡತಿ ಗೋದಮ್ಮನಿಗೆ ಹೇಳಿದರು. ಆಕೆ ಸಾರು ಬಡಿಸುತ್ತಾ, "ಪಾಪಘ್ನಿ ಎಲ್ಲಿದೆ ಅಂದ್ರಿ? ನೀವು ನೋಡಿದೀರಾ?" ಅಂದರು.

"ನೋಡೋದು ಬೇರೆ, ವರದಿ ಬೇರೆ ಕಣೇ. ನೋಡಿ ಬರೆಯೋಕೆ ಹೊರಟ್ರೆ ಯಾವ ಕಚೇರಿ ತಾನೇ ನಡೆದೀತು?"

"ಸರಿ, ಮಜ್ಜಿಗೆಗೆ ಅನ್ನ ಕಲಸಿಕೊಳ್ಳಿ," ಎಂದರು ಗೋದಮ್ಮ. ಆಕೆಯ ಮಾತು ಯಾವಾಗಲೂ ಅಷ್ಟೇ.

ಕೆಲವು ವಾರ ಕಳೆದವು. ಅಕ್ಟೋಬರಿನ ಒಂದು ಬೆಳಿಗ್ಗೆ ಕಚೇರಿಯ ಮುಂದೆ ಜೀಪೊಂದು ನಿಂತಿತು. ಅದರ ತಲೆಯ ಮೇಲೆ ಕೆಂಪು, ಹಳದಿ ಬಣ್ಣದ ನಾಲ್ಕು ಉದ್ದನೆಯ ದೋಣಿಗಳು ಬೋರಲಾಗಿ ಮಲಗಿದ್ದವು. ಎರಡು ನಿಮಿಷದಲ್ಲಿ ಕಚೇರಿ ಖಾಲಿಯಾಗಿ ಜೀಪಿನ ಸುತ್ತ ತುಂಬಿತು. ಹಸುವಿನ ಬಾನಿ ಇರಬಹುದೆಂದು ಒಬ್ಬರೆಂದರು. ರೇಷ್ಮೆಹುಳುವಿನ ತಟ್ಟೆ ತೊಳೆಯುವ ತೊಟ್ಟಿ, ಸಬ್ಸಿಡಿಯಲ್ಲಿ ಬಂದಿದೆ ಎಂದು ಇನ್ನೊಬ್ಬರು ಖಚಿತವಾಗಿ ಹೇಳಿ, ಅರ್ಜಿ ಎಲ್ಲಿ ಸಿಗುತ್ತದೆಂದೂ ವಿಚಾರಿಸಿದರು.

ಜೀಪಿನಿಂದ ಇಳಿದವಳು ಲಾವಣ್ಯ. ಮೂವತ್ತರ ಹುಡುಗಿ, ದಾಂಡೇಲಿಯಲ್ಲಿ ಕಾಳಿ ನದಿಯ ಮೇಲೆ ಜನರಿಗೆ ದೋಣಿ ಕಲಿಸುವವಳು. ಬಿಸಿಲಿಗೆ ಮೂಗು ಸಿಪ್ಪೆ ಸುಲಿದಿತ್ತು.

"ಪುಟ್ಟಸ್ವಾಮಯ್ಯ ಸರ್ ಯಾರು? ಸರ್, ನಿಮ್ಮ ರಿಪೋರ್ಟ್ ನೋಡಿ ನಮ್ಮ ಸಂಸ್ಥೇಲಿ ಎಲ್ಲರೂ ಕುಣಿದಾಡಿಬಿಟ್ರು. ಗ್ರೇಡ್ ಸಿಕ್ಸ್ ನದಿ ಅಂದ್ರೆ ಪ್ರಾಣಕ್ಕೇ ಅಪಾಯ. ಕಲಿಯೋರಿಗೆ ಬೇಕಾಗಿರೋದು ಗ್ರೇಡ್ ಒನ್, ಗ್ರೇಡ್ ಟೂ. ಬೆಂಗಳೂರಿಗೆ ಇಷ್ಟು ಹತ್ತಿರ ಅಂಥ ನದಿ ಆರು ಇದ್ವಂತೆ, ಇಷ್ಟು ದಿನ ಯಾರೂ ಹೇಳಿರಲಿಲ್ಲ!"

ಪುಟ್ಟಸ್ವಾಮಯ್ಯನವರಿಗೆ ತಮ್ಮ ಪಾಪಘ್ನಿ ಎಲ್ಲಕ್ಕಿಂತ ಸಾಧುವಾದ ನದಿಯಾಗಿ ಹೋಯಿತೆಂದು ಮೊದಲು ಬೇಸರವಾಯಿತು. ಆ ನದಿಯನ್ನು ತಾವು ನೋಡಿಯೇ ಇಲ್ಲವೆಂಬುದು ನೆನಪಾದದ್ದು ಆಮೇಲೆ.

ಅಷ್ಟರಲ್ಲಿ ಕಚೇರಿಯ ಸಾಹೇಬರು ಮುರಳಿಮೋಹನ್ ಹೊರಗೆ ಬಂದರು. ಅವರು ಆಗಲೇ ಬ್ಯಾನರು ಬರೆಸಿದ್ದರು: 'ಪಾಪಘ್ನಿ ನದಿಯಲ್ಲಿ ಕಯಾಕಿಂಗ್ ತರಬೇತಿ ಶಿಬಿರ'. ಅಡಿಯಲ್ಲಿ ಅವರದೇ ಭಾವಚಿತ್ರ, ಲೈಫ್ ಜಾಕೆಟ್ ಸಮೇತ. "ಭಾನುವಾರ ಉದ್ಘಾಟನೆ. ಪುಟ್ಟಸ್ವಾಮಯ್ಯನೋರೆ, ಮೇಡಂನ ಕರ್ಕೊಂಡು ಹೋಗಿ ಜಾಗ ತೋರಿಸ್ಕೊಂಡು ಬನ್ನಿ. ನಿಮ್ಮ ನದಿ, ನಿಮಗೇ ಗೌರವ."

ಜೀಪು ಮೊದಲು ಗೌರಿಬಿದನೂರಿನ ಕಡೆ ಹೋಯಿತು. ಉತ್ತರ ಪಿನಾಕಿನಿಯ ಮೇಲೆ ಉದ್ದನೆಯ ಸೇತುವೆ ಇತ್ತು. ಸೇತುವೆಯ ಕೆಳಗೆ ಕ್ರಿಕೆಟ್ ನಡೆದಿತ್ತು.

"ಅಣ್ಣಾ, ಜೀಪು ಪಿಚ್ಚಿನ ಮೇಲೆ ಹತ್ತಿಸ್ಬೇಡಿ!" ಎಂದು ಬೌಲರು ಕೂಗಿದ.

ಲಾವಣ್ಯ ಕೆಳಗೆ ನೋಡಿದಳು, ಪುಟ್ಟಸ್ವಾಮಯ್ಯನವರನ್ನು ನೋಡಿದಳು. "ಸರ್, ನೀರು?"

"ಇದು ಎರಡನೇ ದರ್ಜೆದು ಮೇಡಂ," ಎಂದರು ಪುಟ್ಟಸ್ವಾಮಯ್ಯನವರು. "ಇದನ್ನ ಬಿಡಿ. ಪಾಪಘ್ನಿ ಹಂಗಲ್ಲ."

ದಾರಿಯಲ್ಲಿ ಅವರು ಬಗೆಬಗೆಯ ನದಿ ಮಹಾತ್ಮೆಗಳನ್ನು ಹೇಳುತ್ತಾ ಬಂದರು. ಲಾವಣ್ಯ ಶಾಂತವಾಗಿ ಕೇಳಿಸಿಕೊಂಡಳು. ನೀರಿನ ಜೊತೆ ಬೆಳೆದವರಿಗೆ ಆ ಒಂದು ತಾಳ್ಮೆ ಇರುತ್ತದೆ. ಕೊನೆಗೆ ತಾನೇ ಹೇಳಿದಳು, "ಕಲಿಯೋರ ನದಿ ಹೇಗಿರ್ಬೇಕು ಗೊತ್ತಾ ಸರ್? ಒಂದು ಕಡೆ ನೀರು ಜೋರಾಗಿ ಧುಮುಕಿದ್ರೆ, ಅದರ ಕೆಳಗೇ ಒಂದು ಮಡು ಇರ್ಬೇಕು. ಬಿದ್ದೋರನ್ನ ಆ ನಿಂತ ನೀರು ಹಿಡ್ಕೊಳುತ್ತೆ. ಉಸಿರು ತಗೊಂಡು ಮತ್ತೆ ಮುಂದೆ ಹೋಗ್ಬಹುದು. ಬೀಳಿಸದೇ ಇರೋ ನದೀಲಿ ಯಾರೂ ಏನೂ ಕಲಿಯಲ್ಲ. ಬೀಳಿಸಿ ಹಿಡ್ಕೊಳ್ಳದೇ ಇರೋ ನದೀಲೂ ಅಷ್ಟೇ."

ಇಂಥ ಮಾತನ್ನು ಹರಿಕಥೆಯಲ್ಲಿ ಕೇಳಿದ್ದರೆ ಪುಟ್ಟಸ್ವಾಮಯ್ಯನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಜೀಪಿನಲ್ಲಿ ಕೇಳಿದ್ದರಿಂದ ಬೆವರೊರೆಸಿಕೊಂಡರು.

ಶಿಡ್ಲಘಟ್ಟ ದಾಟಿ, ದಿಬ್ಬೂರಹಳ್ಳಿಯೂ ದಾಟಿ, ಕಚೇರಿಯ ನಕ್ಷೆಯಲ್ಲಿ ನೀಲಿ ಗೆರೆ ಇದ್ದ ಕಡೆ ಒಂದು ಸಣ್ಣ ಹಳ್ಳಿಯಲ್ಲಿ ಜೀಪು ನಿಂತಿತು. ನೀಲಿ ಗೆರೆಯ ಜಾಗದಲ್ಲಿ ಹಸಿರು ಹಿಪ್ಪುನೇರಳೆ ಸೊಂಟದೆತ್ತರ ನಿಂತಿತ್ತು. ಅದರ ನಡುವೆ ಮುನಿವೆಂಕಟಪ್ಪ ಸೊಪ್ಪು ಕೊಯ್ಯುತ್ತಿದ್ದರು. ಎಪ್ಪತ್ತು ದಾಟಿದ, ಬದುಕೆಲ್ಲ ಆ ಸೀಮೆಯಲ್ಲೇ ಬೇಸಾಯ ಮಾಡಿದ್ದ ರೈತರು.

ಮುನಿವೆಂಕಟಪ್ಪ ಜೀಪಿನ ಮೇಲಿನ ದೋಣಿ ನೋಡಿದರು. ಆಮೇಲೆ ಪುಟ್ಟಸ್ವಾಮಯ್ಯನವರ ಕೈಯ ನಕ್ಷೆ ನೋಡಿದರು. ಅವರ ಲೆಕ್ಕ ಸರಳವಾಗಿತ್ತು: ಸರ್ಕಾರ ದೋಣಿ ಹೊತ್ತು ಬಂದಿದೆ ಅಂದರೆ ನೀರು ಬಿಡುತ್ತದೆ, ನೀರು ಬಿಡಬೇಕಾದರೆ ಮೊದಲು ಸೊಪ್ಪು ಕಿತ್ತು ಎಸೆಯುತ್ತದೆ.

"ಇಲ್ಲಿ ಪಾಪಘ್ನಿ ನದಿ..." ಎಂದು ಪುಟ್ಟಸ್ವಾಮಯ್ಯನವರು ಬಾಯಿ ತೆರೆದರು.

"ಇಲ್ಲ ಸಾಮಿ! ಯಾವ ಕಾಲಕ್ಕೂ ಇರ್ಲಿಲ್ಲ. ನಮ್ ತಾತನ ಕಾಲ್ದಿಂದ ಇದು ಬೆದ್ಲು. ಹೊಳೆ ಅಂದ್ರೆ ಎಂಗಿರ್ತದೆ ಅಂತಾನೇ ನಮ್ಗೆ ಗೊತ್ತಿಲ್ಲ."

ಮನೆಯ ಜಗಲಿಯಿಂದ ಅವರ ಹೆಂಡತಿ ಅಮ್ಮಾಜಮ್ಮನ ದನಿ ಕೇಳಿಸಿತು. "ಏನಂದ್ರಿ? ಹೊಳೆ ಇರ್ಲಿಲ್ವಾ?"

"ನೀನು ಸುಮ್ಕಿರು."

"ಅಂಗಾರೆ ನಮ್ ಮದ್ವೇಲಿ ಮೂರು ದಿನ ಆ ದಡದಾಗೆ ಕೂತಿದ್ರಲ್ಲ, ಯಾಕೆ? ಕಾಲು ನೋಯ್ತಿತ್ತಾ?"

"ಸರ್ಕಾರದೋರ ಮುಂದೆ ಮದ್ವೆ ಪುರಾಣ ಯಾಕೆ ತೆಗೀತೀಯ?"

"ಯಾಕ್ ತೆಗೀಬಾರ್ದು? ಹೊಳೆ ಬಂದು ಗಂಡಿನ ದಿಬ್ಬಣ ಆ ದಡ, ನಾನು ಹಸೆಮಣೆ ಮೇಲೆ ಈ ದಡ. ಮುಹೂರ್ತ ಮೀರೋಯ್ತು ಅಂತ ನಮ್ಮಪ್ಪ ತಲೆ ಚಚ್ಕೊಂಡ್ರು. ನೀವು ಅಲ್ಲಿಂದ ಟವಲ್ಲು ಬೀಸ್ತಿದ್ರಿ! ಹೊಳೆ ಇರ್ಲಿಲ್ಲ ಅಂದ್ರೆ ಮದ್ವೇನೂ ಆಗಿಲ್ಲ. ಐವತ್ತೆರಡು ವರ್ಷದಿಂದ ನಾನು ಯಾರ್ಗೆ ಮುದ್ದೆ ಇಕ್ತಿದ್ದೀನಿ?"

ಮುನಿವೆಂಕಟಪ್ಪ ಕುಡುಗೋಲು ಕೆಳಗಿಟ್ಟು ಬದುವಿನ ಮೇಲೆ ಕೂತರು.

"ಇತ್ತು ಸಾಮಿ. ನಿಂತು ನಲವತ್ತು ವರ್ಷ ಆಯ್ತು. ಮೇಲೆ ಏಳು ಕೆರೆ ಅವೆ. ಏಳೂ ತುಂಬಿ, ಏಳೂ ಕೋಡಿ ಹರಿದ್ರೆ ಇಲ್ಲಿ ಹೊಳೆ. ಆಮೇಲೆ ಏಳೂ ಒಟ್ಟಿಗೆ ತುಂಬಿದ್ದು ನಾನು ಕಾಣೆ. ಇಪ್ಪತ್ತು ವರ್ಷ ಕಾದೆ. ಬರ್ಲಿಲ್ಲ. ಆಮೇಲೆ ಸೊಪ್ಪು ಹಾಕ್ದೆ. ಏರು ಪೋಯಿಂದಿ, ಪೇರು ಉಂದಿ. ಹೊಳೆ ಹೋಯ್ತು, ಹೆಸರು ಐತೆ."

ಲಾವಣ್ಯ ಪುಟ್ಟಸ್ವಾಮಯ್ಯನವರ ಕಡೆ ತಿರುಗಿದಳು. ಅವರು ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಡಿಸಿದರು, ಮತ್ತೆ ಮಡಿಸಿದರು.

"ನಾನು ನೋಡಿರ್ಲಿಲ್ಲ ಮೇಡಂ," ಎಂದರು ಕೊನೆಗೆ.

"ಗೊತ್ತಾಯ್ತು ಸರ್. ಪಿಚ್ ನೋಡಿದಾಗಲೇ."

ಅಮ್ಮಾಜಮ್ಮನಿಗೆ ಇದಾವುದರ ಚಿಂತೆಯಿರಲಿಲ್ಲ. ಹೊಸ ಗಾಡಿ ಬಾಗಿಲಿಗೆ ಬಂದಿದೆ, ಪೂಜೆಯಿಲ್ಲದೆ ಹೋಗಕೂಡದು. ಕೆಂಪು ದೋಣಿಯನ್ನು ಇಳಿಸಿ, ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟರು. ನಿಂಬೆಹಣ್ಣಿನ ಹತ್ತಿರ ಕೆಲಸ ನಿಂತಿತು.

"ಚಕ್ರಾನೇ ಇಲ್ಲ. ನಿಂಬೆಹಣ್ಣು ಎಲ್ಲಿ ಇಕ್ಕೋದು?" ಎಂದರು ಮುನಿವೆಂಕಟಪ್ಪ.

ಇದು ಶಾಸ್ತ್ರದ ಪ್ರಶ್ನೆ. ಇಷ್ಟರಲ್ಲಿ ಸೇರಿದ್ದ ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಅಭಿಪ್ರಾಯ ಕೊಟ್ಟರು. ದೋಣಿಗೆ ನೀರೇ ಚಕ್ರ, ಆದ್ದರಿಂದ ನಿಂಬೆಹಣ್ಣು ನೀರಿನಲ್ಲಿರಬೇಕೆಂದು ತೀರ್ಮಾನವಾಯಿತು. ಊರ ಕೆರೆಯಲ್ಲಿ ಆ ವರ್ಷದ ಮಳೆಯಿಂದ ಎದೆಮಟ್ಟ ನೀರಿತ್ತು. ನಿಂಬೆಹಣ್ಣು ತೇಲಿಬಿಟ್ಟು ಅದರ ಮೇಲೆ ದೋಣಿ ನಡೆಸಬೇಕು. ದೋಣಿಯಲ್ಲಿ ಯಾರಾದರೂ ಕೂರಬೇಕು. ಬಂದ ಅಧಿಕಾರಿಗಳೇ ಇರುವಾಗ ಬೇರೆಯವರು ಕೂರುವುದು ಸರಿಯಲ್ಲ.

ಹೀಗೆ ಪುಟ್ಟಸ್ವಾಮಯ್ಯನವರು ಷರಾಯಿ ಮಡಿಸಿ, ಲೈಫ್ ಜಾಕೆಟ್ ತೊಟ್ಟು, ಎರಡೂ ತುದಿಗೆ ಅಗಲವಾದ ಹುಟ್ಟು ಹಿಡಿದು ಕೂತರು. ಲಾವಣ್ಯ ಎದೆಮಟ್ಟ ನೀರಿನಲ್ಲಿ ಪಕ್ಕದಲ್ಲೇ ನಿಂತಳು. ದೋಣಿ ನಿಂಬೆಹಣ್ಣಿನ ಮೇಲೆ ಹಾಯಿತು. ಹಣ್ಣು ಮುಳುಗಿ, ಆ ಕಡೆಯಿಂದ ಪುಳಕ್ಕನೆ ಮೇಲೆ ಬಂತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಪುಟ್ಟಸ್ವಾಮಯ್ಯನವರು ಅಭ್ಯಾಸಬಲದಿಂದ ಕತ್ತು ನೆಟ್ಟಗೆ ಮಾಡಿದರು.

ಮರುಗಳಿಗೆ ದೋಣಿಯ ತಳ ಮೇಲೆ, ಪ್ರಥಮ ದರ್ಜೆ ಸಹಾಯಕರು ಕೆಳಗೆ.

ನೀರಿನೊಳಗೆ ಅವರು ತಲೆ ಎತ್ತಿದರು. ಎತ್ತಿದಷ್ಟೂ ದೋಣಿ ಮತ್ತೆ ಅವರ ಮೇಲೆ ಮಗುಚಿತು. ಮೂರನೆಯ ಸಲಕ್ಕೆ ಲಾವಣ್ಯಳ ಕೈ ದೋಣಿಯ ಅಂಚು ಹಿಡಿದು ಹೊರಳಿಸಿತು. ಮೂಗು ಬಾಯಿಂದ ಕೆರೆ ಸುರಿಸುತ್ತಾ ಅವರು ಮೇಲೆ ಬಂದರು.

"ಎಲ್ಲರೂ ಇದೇ ತಪ್ಪು ಮಾಡೋದು ಸರ್," ಎಂದಳು ಲಾವಣ್ಯ, ಬೆನ್ನು ತಟ್ಟುತ್ತಾ. "ಮಗುಚಿದ ತಕ್ಷಣ ತಲೆ ಎತ್ತೋಕೆ ನೋಡ್ತಾರೆ. ತಲೆ ಭಾರ. ಅದು ಮೊದಲು ಎದ್ರೆ ದೋಣಿ ವಾಪಸ್ ಮಗುಚುತ್ತೆ. ಮೊದಲು ಸೊಂಟ ತಿರುಗಿಸಬೇಕು, ದೋಣಿ ನೆಟ್ಟಗಾಗಬೇಕು. ತಲೆ ಬಗ್ಗಿಸಿಕೊಂಡೇ ಇರಬೇಕು, ಎಲ್ಲಕ್ಕಿಂತ ಕೊನೇಗೆ ಏಳಬೇಕು. ಆ ನಿಂಬೆಹಣ್ಣಿಗೆ ತಲೇನೇ ಇಲ್ಲ, ನೋಡಿ ಎಷ್ಟು ಬೇಗ ಬಂತು."

ಮರುದಿನ ಸಾಹೇಬರು ಬಾಗಿಲು ಹಾಕಿಸಿ ಮಾತಾಡಿದರು. ಬಾಗಿಲು ಹಾಕಿದ್ದರೂ ಸಾಲಿನ ಕೊನೆಯ ಮೇಜಿನವರೆಗೆ ಕೇಳಿಸಿತು.

"ನೀರಿಲ್ವಾ? ಬ್ಯಾನರ್ ಬಂದಿದೆ! ಪೇಪರಿನೋರಿಗೆ ಹೇಳಿಯಾಗಿದೆ! ಏನ್ರೀ ಇದು, ಮೂವತ್ತನಾಲ್ಕು ವರ್ಷ ಸರ್ವಿಸು!"

ಪುಟ್ಟಸ್ವಾಮಯ್ಯನವರ ಕಿವಿಯಲ್ಲಿ ಇನ್ನೂ ಕೆರೆಯ ನೀರಿತ್ತು. ಸಾಹೇಬರು ಕೂಗಿ ಸುಸ್ತಾದ ಮೇಲೆ ದನಿ ತಗ್ಗಿಸಿದರು.

"ನೋಡಿ, ಒಂದು ದಾರಿ ಇದೆ. ಅಲ್ಲಿ ಯಾರೋ ರೈತ ನದಿ ಪಾತ್ರದಲ್ಲಿ ಹಿಪ್ಪುನೇರಳೆ ಹಾಕಿದಾನೆ ಅಂದ್ರಲ್ಲ. ನದಿ ಹರೀತಿತ್ತು, ಆ ಒತ್ತುವರಿಯಿಂದ ಹರಿವು ನಿಂತಿದೆ ಅಂತ ಬರೀರಿ. ಹೆಸರು, ಸರ್ವೆ ನಂಬರು ಹಾಕಿ. ನಿಮ್ಮ ವರದಿ ಸುಳ್ಳಾಗಲ್ಲ, ನನ್ನ ಬ್ಯಾನರೂ ಸುಳ್ಳಾಗಲ್ಲ. ಇಲ್ಲದಿದ್ರೆ ಸುಳ್ಳು ವರದಿ ಅಂತ ನಿಮ್ಮ ಸೇವಾ ಪುಸ್ತಕದಲ್ಲಿ ಬರೆಯೋದು ನನಗೆ ಅನಿವಾರ್ಯ. ಇವತ್ತು ಸಂಜೆಯೊಳಗೆ."

ಪುಟ್ಟಸ್ವಾಮಯ್ಯನವರು ಊಟಕ್ಕೆ ಮನೆಗೆ ಬಂದರು. ಗೋದಮ್ಮ ಹುರುಳಿಕಾಳಿನ ಸಾರು ಮಾಡಿದ್ದರು. ಅವರು ತುತ್ತು ಎತ್ತಿ ಕೆಳಗಿಡುತ್ತಾ ಎಲ್ಲವನ್ನೂ ಹೇಳಿದರು. ಬೆಳ್ಳಗಿನ ಪುಸ್ತಕ, ಕೆಂಪು ಶಾಯಿ, ಸಾಹೇಬರ ದಾರಿ.

ಗೋದಮ್ಮ ಕೇಳಿದ್ದು ಒಂದೇ. "ಹೊಳೆ ನಿಂತ ಮೇಲೆ ಅವರು ಸೊಪ್ಪು ಹಾಕಿದ್ದೋ, ಸೊಪ್ಪು ಹಾಕಿದ ಮೇಲೆ ಹೊಳೆ ನಿಂತಿದ್ದೋ?"

"ಹೊಳೆ ನಿಂತ ಇಪ್ಪತ್ತು ವರ್ಷಕ್ಕೆ ಸೊಪ್ಪು."

"ಸರಿ, ಮಜ್ಜಿಗೆಗೆ ಅನ್ನ ಕಲಸಿಕೊಳ್ಳಿ."

ಕಚೇರಿಗೆ ಹಿಂತಿರುಗಿ ಪುಟ್ಟಸ್ವಾಮಯ್ಯನವರು ಬಿಳಿ ಹಾಳೆ ತೆಗೆದುಕೊಂಡರು. ಸಾಲಿನ ಮೇಜುಗಳೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದವು. ಅವರು ಬರೆದದ್ದು ಇಷ್ಟು: 'ಈ ಜಿಲ್ಲೆಯಲ್ಲಿ ದೋಣಿ ಕಲಿಯಲು ತಕ್ಕುದಾದ ನದಿಗಳು: ಇಲ್ಲ. ಹಿಂದಿನ ವರದಿಯನ್ನು ನಾನು ಯಾವ ನದಿಯನ್ನೂ ನೋಡದೆ ಬರೆದಿರುತ್ತೇನೆ. ಇದರಲ್ಲಿ ಬೇರೆ ಯಾರ ತಪ್ಪೂ ಇರುವುದಿಲ್ಲ.' ಸಹಿಯ ಹತ್ತಿರ ಕತ್ತು ತಾನಾಗಿ ನೆಟ್ಟಗಾಗಲು ಹೊರಟಿತು. ಅವರು ಅದನ್ನು ಬಗ್ಗಿಸಿ ಹಿಡಿದುಕೊಂಡು ಸಹಿ ಹಾಕಿದರು.

ಸಾಹೇಬರು ಹೇಳಿದಂತೆಯೇ ನಡೆದುಕೊಂಡರು. ಬ್ಯಾನರನ್ನು ಕಚೇರಿಯ ಸೈಕಲ್ ಸ್ಟ್ಯಾಂಡಿನ ಸೋರುವ ಜಾಗಕ್ಕೆ ಕಟ್ಟಿದರು. ಆ ವರ್ಷ ಪಾಪಘ್ನಿಯ ಹೆಸರಿನ ಮೇಲೆ ಹರಿದ ನೀರು ಅದೊಂದೇ. ಬೀಳ್ಕೊಡುಗೆಯ ದಿನ ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಸಂಪ್ರದಾಯದಂತೆ ಸೇವಾ ವಿವರ ಓದಬೇಕು. ಓದುವವರು ಕೆಂಪು ಸಾಲಿನ ಹತ್ತಿರ ಬಂದು ಕೆಮ್ಮಿ, ಪುಟ ಮಗುಚಲು ನೋಡಿದರು.

"ಓದಿ ಸ್ವಾಮಿ," ಎಂದರು ಪುಟ್ಟಸ್ವಾಮಯ್ಯನವರು.

"ನೋಡದೆ ವರದಿ ಮಾಡಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ."

ಮನೆಗೆ ಬರುವಾಗ ದಾರಿಯಲ್ಲಿ ಗೋದಮ್ಮ ಹಾರವನ್ನು ಚೀಲಕ್ಕೆ ಹಾಕುತ್ತಾ ಹೇಳಿದರು, "ಅಷ್ಟು ದಪ್ಪ ಪುಸ್ತಕದಲ್ಲಿ ನಿಮ್ಮ ವಿಷಯ ಅಂತ ಗುರುತು ಹತ್ತಿದ್ದು ಆ ಒಂದು ಸಾಲು ಕಣ್ರೀ."

ಮುಂದಿನ ವರ್ಷ ನವರಾತ್ರಿ ಕಳೆದ ಮೇಲೂ ಮಳೆ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಫೋನು ಬಂತು.

"ಸಾಮೀ! ಏಳನೇ ಕೆರೆ ಕೋಡಿ ಹರೀತು! ಬಂತು! ವಚ್ಚಿಂದಿ ಸಾಮೀ!" ಮುನಿವೆಂಕಟಪ್ಪ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯುವಂತಿರಲಿಲ್ಲ.

ಪುಟ್ಟಸ್ವಾಮಯ್ಯನವರು ಛತ್ರಿ ಹಿಡಿದು, ಎರಡು ಬಸ್ಸು ಬದಲಾಯಿಸಿ ಹೋದರು. ಹಿಪ್ಪುನೇರಳೆ ಸಾಲುಗಳ ನಡುವೆ ಕೆಂಪು ನೀರು ಮೆಲ್ಲಗೆ ದಾರಿ ಹುಡುಕುತ್ತಾ ಬರುತ್ತಿತ್ತು, ಬಹಳ ವರ್ಷದ ಮೇಲೆ ತವರಿಗೆ ಬಂದವಳು ಬಾಗಿಲು ಯಾವ ಕಡೆ ಎಂದು ನೋಡುವ ಹಾಗೆ. ಅಮ್ಮಾಜಮ್ಮ ಗಂಡನನ್ನು ಆ ಕಡೆಗೆ ಕಳಿಸಿ ನಿಲ್ಲಿಸಿದ್ದರು. "ಟವಲ್ಲು ಬೀಸಿ," ಎಂದು ಈ ಕಡೆಯಿಂದ ಕೂಗುತ್ತಿದ್ದರು. ಸೊಪ್ಪು ಒಂದು ಸಾಲು ಮಲಗಿದೆಯೆಂದು ಗೊಣಗುತ್ತಲೇ ಆ ಮುದುಕರು ಟವಲ್ಲು ಬೀಸಿದರು.

ಪುಟ್ಟಸ್ವಾಮಯ್ಯನವರು ಚಪ್ಪಲಿ ಕಳಚಿ ಇಳಿದರು. ಬಗ್ಗಿ ಮೂರು ಬೊಗಸೆ ನೀರು ತಲೆಗೆ ಹಾಕಿಕೊಂಡರು. ಆಮೇಲೆ ಬದುವಿನ ಮೇಲೆ ಕೂತು, ಜೇಬಿನಿಂದ ಒಂದು ಕಾರ್ಡು ತೆಗೆದು ದಾಂಡೇಲಿಯ ಲಾವಣ್ಯಳ ವಿಳಾಸ ಬರೆದು, ಹಿಂದೆ ನಾಲ್ಕು ಕಾಲಮ್ಮು ಗೆರೆ ಎಳೆದರು.

ನದಿಯ ಹೆಸರು: ಪಾಪಘ್ನಿ.
ವೇಗ: ಒಂದು ಹಿಪ್ಪುನೇರಳೆ ಎಲೆ ತೇಲಿ ಹೋಗುವಷ್ಟು.
ಗ್ರೇಡ್: ತಾವೇ ಬಂದು ಹೇಳಬೇಕು.
ಷರಾ: ಖುದ್ದು ನೋಡಿದೆ. ಮೊಣಕಾಲವರೆಗೆ ಒದ್ದೆಯಾಗಿರುತ್ತೇನೆ.